ಶನಿವಾರದ ಚೀಟಿ

ನಮ್ಮ ಶಾಲೆಯ ದೂರು ಪೆಟ್ಟಿಗೆಯಲ್ಲಿ ಎರಡು ವರ್ಷ ಒಂದೇ ಒಂದು ಚೀಟಿ ಬಿದ್ದಿರಲಿಲ್ಲ. ಬೀಗ ತೆಗೆದಾಗಲೆಲ್ಲ ಸಿಗುತ್ತಿದ್ದದ್ದು ಚಾಕಲೇಟ್ ಕಾಗದ, ಒಂದು ಸಲ ಸತ್ತ ಜಿರಲೆ. "ನಮ್ಮಲ್ಲಿ ಅಂಥದ್ದೇನೂ ಇಲ್ಲ ಸಾರ್" ಅಂತ ಮೀಟಿಂಗಿನಲ್ಲಿ ಆರಾಮಾಗಿ ಹೇಳಿಕೊಂಡು ಬರುತ್ತಿದ್ದೆವು.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ, ಏಳನೇ ಕ್ಲಾಸಿಗೆ ಕ್ಲಾಸ್ ಟೀಚರ್. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಮಕ್ಕಳ ಗುರುತು ಸಿಕ್ಕಿಬಿಡುತ್ತದೆ.

2023ರ ಕೊನೆಯ ಮಾತು. ಮಾತು ತೊದಲುವ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ. ಹಾಜರಿ ಕೂಗಿದಾಗ "ಎಸ್ ಮಿಸ್" ಅನ್ನುವುದನ್ನು ಬಿಟ್ಟು ಸುಮ್ನೆ ಕೈ ಎತ್ತತೊಡಗಿದ. ಆಮೇಲೆ ಹೊಟ್ಟೆನೋವಿನ ರಜೆಗಳು ಶುರುವಾದವು. ನಾನು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಗಮನಿಸಿದ್ದು ಬಿಸಿಯೂಟದ ಅಡುಗೆಯ ಅಕ್ಕ. "ಮೇಡಂ, ಆ ಹುಡುಗ ಮೊಟ್ಟೆ ದಿನಾನೇ ಬರಲ್ಲ" ಅಂದರು. ಆಗ ವಾರಕ್ಕೆ ಎರಡೇ ದಿನ ಮೊಟ್ಟೆ. ಮೊಟ್ಟೆ ಕೊಡುವ ದಿನ ಯಾವ ಮಗು ರಜೆ ಹಾಕುತ್ತೆ?

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಅವನನ್ನೂ, ನನಗೆ ಅನುಮಾನವಿದ್ದ ಮೂವರನ್ನೂ ಒಟ್ಟಿಗೇ ಸ್ಟಾಫ್ ರೂಮಿಗೆ ಕರೆಸಿದೆ. ಅವರ ಎದುರೇ "ಇವರೇನಾ ನಿನಗೆ ಕಾಟ ಕೊಡೋದು?" ಅಂತ ಕೇಳಿದೆ. ಅವನು ತಲೆಯಾಡಿಸಿ ಇಲ್ಲ ಅಂದ. ಆದರೂ ಮೂವರಿಂದ ಸಾರಿ ಹೇಳಿಸಿ, ಕೈ ಕುಲುಕಿಸಿ ಕಳಿಸಿದೆ. ಮಾರನೇ ದಿನ ಅವನ ಬ್ಯಾಗು ಚರಂಡಿಯಲ್ಲಿತ್ತು.

ಸಿಟ್ಟು ಬಂತು. ಮೂವರಲ್ಲಿ ಮುಂದಾಳಾಗಿದ್ದವನ ಅಪ್ಪನಿಗೆ ಹೇಳಿಕಳಿಸಿದೆ. ಅವರು ಕೆಲಸ ಬಿಟ್ಟು ಬಂದರು, ಒಂದು ಮಾತೂ ಕೇಳಲಿಲ್ಲ, ವರಾಂಡದಲ್ಲೇ ಮಗನ ಕೆನ್ನೆಗೆ ಎರಡು ಬಾರಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಾವು ಮಕ್ಕಳನ್ನು ಹೊಡೆಯುವ ಹಾಗಿಲ್ಲ, ಮಾನಸಿಕವಾಗಿ ಹಿಂಸಿಸುವ ಹಾಗೂ ಇಲ್ಲ. ನಾನು ಹೊಡೆಯಲಿಲ್ಲ, ಹೊಡೆಸಿದೆ, ಅಷ್ಟೇ. ನಿಜ ಹೇಳಬೇಕೆಂದರೆ ಆ ಕ್ಷಣ ಸಮಾಧಾನವೂ ಆಗಿತ್ತು. ಆ ಏಟಿನ ಬಡ್ಡಿ ಸಂಜೆ ತೊದಲುವ ಹುಡುಗನ ಮೇಲೆ ತೀರಿತು.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅದು ಹೆಡ್‌ಮಾಸ್ಟರ ರೂಮಿನ ಹೊರಗೆ, ಬೆಲ್ ಪಕ್ಕದಲ್ಲಿತ್ತು. ಅಲ್ಲಿಗೆ ಹೋಗಿ ಚೀಟಿ ಹಾಕುವ ಮಗುವನ್ನು ಇಡೀ ಶಾಲೆ ನೋಡುತ್ತದೆ. ಮೆಟ್ಟಿಲ ಕೆಳಗೆ ಇಟ್ಟು ನೋಡಿದೆವು, ಆಗಲೂ ಖಾಲಿ. ಯಾರೋ ಒಬ್ಬರೇ ಹಾಕಿದರೆ ಎಲ್ಲಿಟ್ಟರೂ ಕಾಣುತ್ತಾರೆ, ಅಲ್ವಾ? ಹಾಗಾಗಿ ಎಲ್ಲರೂ ಹಾಕಲಿ ಅಂತ ತೀರ್ಮಾನಿಸಿದೆ. ಶನಿವಾರ ಬೆಳಗಿನ ಕ್ಲಾಸಿನ ಕೊನೆಯ ಹತ್ತು ನಿಮಿಷ, 34 ಮಕ್ಕಳಿಗೂ ಅರ್ಧರ್ಧ ಹಾಳೆ. ಹೆಸರು ಬೇಡ. ಹೇಳುವುದಿದ್ದರೆ ಬರೆಯಿರಿ, ಇಲ್ಲದಿದ್ದರೆ ಬೆಳಿಗ್ಗೆ ಏನು ತಿಂದಿರಿ ಅಂತ ಬರೆಯಿರಿ. ಖಾಲಿ ಹಾಳೆ ಮಾತ್ರ ಹಾಕುವ ಹಾಗಿಲ್ಲ, ಯಾಕೆಂದರೆ ಒಬ್ಬನೇ ಕೂತು ಬರೆಯುತ್ತಿದ್ದರೂ ಗೊತ್ತಾಗುತ್ತದೆ.

ಮೊದಲ ಶನಿವಾರ ಜಾಸ್ತಿ ಬಂದದ್ದು ಚಿತ್ರಾನ್ನ, ರೊಟ್ಟಿ, "ಏನೂ ತಿಂದಿಲ್ಲ". ಕೊನೆಯದು ಐದು ಚೀಟಿಯಲ್ಲಿತ್ತು, ಅದು ಬೇರೆಯೇ ಕಥೆ. ಒಂದರಲ್ಲಿ "ಪಕ್ಕದವಳ ತಲೆಯಿಂದ ಹೇನು ಬರ್ತಿದೆ". ನಾಲ್ಕರಲ್ಲಿ ನೀರಿನ ಟ್ಯಾಂಕ್. ಅದರಲ್ಲೊಂದು ಎಡಗೈಯಲ್ಲಿ ಬರೆದದ್ದು, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು: "ಟ್ಯಾಂಕ್ ಹಿಂದೆ ಮೊಟ್ಟೆ ಕಿತ್ಕೋತಾರೆ. ಕೊಡದಿದ್ರೆ ತ ತ ತ ಅಂತಾರೆ." ಆ ಹುಡುಗ ಬರೆದದ್ದಲ್ಲ. ಅವನ ಕೈಬರಹ ನನಗೆ ಗೊತ್ತು. ಅವನು ಬರೆದದ್ದು "ಉಪ್ಪಿಟ್ಟು".

ಚೀಟಿಯ ಸುದ್ದಿ ಎತ್ತಲಿಲ್ಲ. ಸೋಮವಾರದಿಂದ ನನ್ನ ತಟ್ಟೆ ಹಿಡಿದು ಟ್ಯಾಂಕಿನ ಹತ್ತಿರವೇ ಊಟಕ್ಕೆ ಕೂತೆ. ಆ ಹೊತ್ತಿಗೆ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿರುತ್ತಿದ್ದೆವು, ತಟ್ಟೆ ತೊಳೆಯುವ ಕಡೆ ಒಬ್ಬರೂ ಇರುತ್ತಿರಲಿಲ್ಲ. ಆಮೇಲೆ ಸರದಿ ಮೇಲೆ ಡ್ಯೂಟಿ ಹಾಕಿದೆವು. ಗೊಣಗಾಟ ಇತ್ತು, ಈಗಲೂ ಇದೆ. ಒಂದು ನೋಟ್‌ಬುಕ್ ಇಟ್ಟೆ: ತಾರೀಖು, ಜಾಗ, ಕಣ್ಣಿಗೆ ಬಿದ್ದದ್ದು, ಪಕ್ಕದಲ್ಲಿ ಯಾರಿದ್ದರು. ಮೂವರನ್ನೂ ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ಮಾತಾಡಿಸಿದೆ. "ಯಾಕೆ ಮಾಡಿದೆ" ಅಂತ ಕೇಳಿದರೆ ಮಕ್ಕಳು ನೆಲ ನೋಡುತ್ತಾರೆ. "ಗುರುವಾರ ಊಟದ ಹೊತ್ತಲ್ಲಿ ಏನಾಯ್ತು ಹೇಳು" ಅಂದರೆ ಹೇಳುತ್ತಾರೆ. ಇಬ್ಬರು ಬೇಗ ಹಿಂದೆ ಸರಿದರು. ಮುಂದಾಳಿಗೆ ತಿಂಗಳು ಹಿಡಿಯಿತು. ಅವನ ಮನೆಗೆ ನಾನೇ ಹೋಗಿ ಅಮ್ಮನ ಹತ್ತಿರ ಮಾತಾಡಿದೆ, ಅಪ್ಪ ಇಲ್ಲದ ಹೊತ್ತು ನೋಡಿಕೊಂಡು. ಇಬ್ಬರೂ ಗೆಳೆಯರಾದರು ಅಂತ ಬರೆಯೋಕೆ ಆಸೆ. ಆಗಲಿಲ್ಲ. ಮೊಟ್ಟೆ ಕಿತ್ತುಕೊಳ್ಳುವುದು ನಿಂತಿತು.

ಎಲ್ಲ ಚೀಟಿಯೂ ನೋಟ್‌ಬುಕ್ಕಿನಲ್ಲಿ ಮುಗಿಯುವಂಥದ್ದಲ್ಲ. ಕೇರಿಯ ಹೆಸರು ಹಿಡಿದು ಕರೆಯುತ್ತಾರೆ ಅಂತ ಒಂದು ಬಂತು, ಅದನ್ನು ಎಸ್‌ಡಿಎಂಸಿ, ಅಂದರೆ ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿಟ್ಟೆವು. ದೊಡ್ಡವರೇ ನಗುತ್ತಾ ಹಾಗೆ ಕರೆಯುವ ಊರಿನಲ್ಲಿ ಆ ಸಭೆ ಸಲೀಸಾಗಿ ನಡೆಯಲಿಲ್ಲ. ಇನ್ನೊಂದು, ಆಟೊದವನು ಮೈ ಮುಟ್ಟುತ್ತಾನೆ ಅಂತ. ಅಂಥದ್ದನ್ನು ವಿಚಾರಿಸುತ್ತಾ ಕೂರುವ ಹಾಗೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದ ಕೂಡಲೇ ದೂರು ಕೊಡಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಅವತ್ತೇ ಹೆಡ್‌ಮಾಸ್ಟರು ಪೊಲೀಸ್ ಠಾಣೆಗೆ ತಿಳಿಸಿದರು, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿದರು. ಅದರ ಬಗ್ಗೆ ಇಲ್ಲಿ ಇಷ್ಟು ಸಾಕು.

ಶನಿವಾರದ ಚೀಟಿ ನಿಲ್ಲಿಸಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಉಪ್ಪಿಟ್ಟಿನ ಕೈಬರಹದಲ್ಲಿ ದೂರು ಬಂತು, ನನ್ನ ಮೇಲೇ. "ಮಿಸ್, ನೀವು ಪ್ರಶ್ನೆ ಕೇಳಿ, ನಾನು ಹೇಳೋ ಮುಂಚೆ ನೀವೇ ಉತ್ತರ ಹೇಳಿಬಿಡ್ತೀರ."

ಅವತ್ತಿನಿಂದ ಕಾದೆ. ಕೆಲವು ಸಲ ಅವನು ಹೇಳಿ ಮುಗಿಸುವಷ್ಟರಲ್ಲಿ ಬೆಲ್ ಹೊಡೆದುಬಿಡುತ್ತಿತ್ತು.