ನೈಟ್ ಡ್ಯೂಟಿ ಪೊಲೀಸರ ನಿದ್ದೆಗೆ: ಟೀ, ಬಿಸಿಲು, ಪೆಗ್ಗಿನ ಲೆಕ್ಕ

ನೈಟ್ ಬೀಟ್ ಮುಗಿಸಿ ಬಂದರೂ ನಿದ್ದೆ ಹತ್ತದ ಸಿಬ್ಬಂದಿ ಮೊದಲು ಟೀ ಲೆಕ್ಕ ನೋಡಿ. ಬೆಳಗ್ಗೆ 8ಕ್ಕೆ ಮಲಗುವುದಾದರೆ ರಾತ್ರಿ 2ರ ಟೀಯೇ ಕೊನೆಯದಾಗಲಿ. ಕುಡಿದು ಐದಾರು ಗಂಟೆ ಕಳೆದರೂ ಕೆಫೀನ್ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಠಾಣೆಗೆ ಮರಳಿ 5 ಗಂಟೆಗೆ ಕುಡಿಯುವ ಆ ಒಂದು ಲೋಟ ಹಗಲು ನಿದ್ದೆಯನ್ನು ಕೆಡಿಸುತ್ತದೆ.

ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮಿದುಳು ಎಚ್ಚರವಾಗುತ್ತದೆ. ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ಕೋಣೆಯ ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ. ಆದರೆ ತೂಕಡಿಕೆ ಇದ್ದರೆ ಬೈಕ್ ಹತ್ತಲೇಬೇಡಿ. ಠಾಣೆಯಲ್ಲೇ 20 ನಿಮಿಷ ಅಲಾರಂ ಇಟ್ಟು ಮಲಗಿ, ಎದ್ದು ಮುಖ ತೊಳೆದು, ಮಂಪರು ಪೂರ್ತಿ ಇಳಿದ ಮೇಲೆ ಹೊರಡಿ. ನಿದ್ದೆಗೆಂದು ಪೆಗ್ ಹಾಕುವುದು ಬೇಡ. ಬೇಗ ಕಣ್ಣು ಮುಚ್ಚುತ್ತದೆ ನಿಜ, ಆದರೆ ಮಲಗಿದ ಮೂರ್ನಾಲ್ಕು ಗಂಟೆಯೊಳಗೇ ಬೆವರಿ ಎಚ್ಚರವಾಗಬಹುದು.

ಮಗುವಿನ ಶವದ ಪಂಚನಾಮೆಯಂಥ ಕೆಲಸದ ನಂತರ ಕೆಲವು ದಿನ ಅದೇ ದೃಶ್ಯ ಕಣ್ಮುಂದೆ ಬರುವುದು ಸಹಜ, ಅದು ದೌರ್ಬಲ್ಯವಲ್ಲ. ಜೊತೆಗಿದ್ದ ಸಹೋದ್ಯೋಗಿಯೊಡನೆ ಅವತ್ತೇ ಹತ್ತು ನಿಮಿಷ ಮಾತಾಡಿ. ಎರಡು ವಾರವಾದರೂ ಕೆಟ್ಟ ಕನಸು, ಮನೆಯವರ ಮೇಲೆ ರೇಗಾಟ ನಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಸಾಯುವ ಯೋಚನೆ ಸುಳಿದರೆ ಕಾಯಬೇಡಿ: ಆಯುಧವನ್ನು ಠಾಣೆಗೆ ಒಪ್ಪಿಸಿ, ಒಬ್ಬರನ್ನು ಜೊತೆಗಿಟ್ಟುಕೊಂಡು ಆಗಲೇ ಕರೆ ಮಾಡಿ.