ದೊಡ್ಡ ಕಾಕಟೀಲ್ ಪಳಗಲ್ಲ ಅಂದವರಿಗೆ

ಕಾಕಟೀಲ್ ಅಂದರೆ ಜುಟ್ಟಿರೋ ಪುಟ್ಟ ಸಾಕು ಗಿಣಿ. ಹ್ಯಾಂಡ್‌ಫೀಡ್ ಮರಿ, ಅಂದರೆ ಮನುಷ್ಯರ ಕೈತುತ್ತು ತಿಂದು ಬೆಳೆದದ್ದು ಮಾತ್ರ ಕೈಗೆ ಬರುತ್ತೆ, ತಾಯಿ-ತಂದೆ ಹತ್ತಿರವೇ ಬೆಳೆದು ವರ್ಷ ದಾಟಿದ ಕಾಕಟೀಲ್ ಸಾಯೋವರೆಗೂ ಬುಸುಗುಡುತ್ತೆ ಅನ್ನೋದು ಹಕ್ಕಿ ಅಂಗಡಿಯವರ ಖಾಯಂ ಮಾತು. ಮರಿಗೆ ಐದಾರು ಸಾವಿರ ಕೇಳೋದೂ, ದೊಡ್ಡದನ್ನ ಅರ್ಧ ಬೆಲೆಗೆ ದಾಟಿಸೋದೂ ಅದೇ ಲೆಕ್ಕದಲ್ಲಿ. ನನ್ನ ಹತ್ತಿರ ಇರೋದು ಆ ಅರ್ಧ ಬೆಲೆಯ ಬೂದು ಗಂಡು, ತಂದಾಗ ಎರಡು ವರ್ಷದ ಆಸುಪಾಸು. ಈಗ ಹೆಗಲ ಮೇಲೆ ಕೂತು ನೆಮ್ಮದಿಯಾಗಿ ಕೊಕ್ಕು ಮಸೆಯುತ್ತೆ. ಪಳಗೋಕೆ ಹಿಡಿದಿದ್ದು ಸುಮಾರು ಮೂರು ತಿಂಗಳು. ಪಳಗಲ್ಲ ಅಂದವರೇ ಈಗ ಹೇಗೆ ಅಂತ ಕೇಳ್ತಾರೆ.

ಮೊದಲು ಕೈಕೊಟ್ಟ ದಾರಿಗಳು. ಟವೆಲ್ ಸುತ್ತಿ ಹಿಡಿದರೆ ಹಕ್ಕಿ ಸುಮ್ಮನಾಗುತ್ತೆ. ಅದು ನಂಬಿಕೆ ಅಲ್ಲ, ಬೇಟೆಗೆ ಸಿಕ್ಕಾಗ ಮರಗಟ್ಟೋದು. ಮಾರನೇ ದಿನ ಕೈ ಕಂಡರೆ ಇನ್ನೂ ದೂರ ಹಾರುತ್ತೆ. ತೊಗಲಿನ ಕೈಗವಸಿಗೆ ಮುನ್ನೂರು ಚಿಲ್ಲರೆ ದಂಡ, ಹಕ್ಕಿಗೆ ಅದು ಹೊಸ ಭೂತ. ಕನ್ನಡಿ ಕಟ್ಟಿದರೆ ಕನ್ನಡಿಯನ್ನೇ ಜೊತೆ ಅಂದುಕೊಂಡು ನಮ್ಮ ಕಡೆ ತಿರುಗಿ ನೋಡಲ್ಲ. ರೆಕ್ಕೆ ಕತ್ತರಿಸೋ ಸಲಹೆಯನ್ನ ನಾನು ಒಪ್ಪಲ್ಲ: ಭಯಕ್ಕೆ ಹಾರಿ ಧೊಪ್ಪನೆ ಬಿದ್ದರೆ ಎದೆಮೂಳೆ ಮೇಲಿನ ಚರ್ಮ ಸೀಳುತ್ತೆ. ಹಸಿವಿಗೆ ಕೆಡವಿ ಪಳಗಿಸೋದಂತೂ ತೊಂಬತ್ತು ಗ್ರಾಂ ಪ್ರಾಣಿ ಮೇಲೆ ಮಾಡೋ ಕೆಲಸವೇ ಅಲ್ಲ.

ಕೆಲಸ ಮಾಡಿದ್ದರಲ್ಲಿ ಮೊದಲನೆಯದು: ನಾವು ದೂರ ಹೋಗೋದನ್ನೇ ಹಕ್ಕಿಗೆ ಬಹುಮಾನ ಮಾಡೋದು. ಸಾಮಾನ್ಯವಾಗಿ ಹಕ್ಕಿ ಸುಮ್ಮನಿದ್ದಾಗ ಕೈ ಮುಂದೆ ತರ್ತೀವಿ, ಬುಸ್ ಅಂದಾಗ ಹಿಂದೆ ತೆಗೀತೀವಿ. ಬುಸುಗುಟ್ಟಿದರೆ ಕೈ ಓಡುತ್ತೆ ಅಂತ ನಾವೇ ಕಲಿಸಿದ ಹಾಗಾಯ್ತು. ನಾನು ತಿರುಗಿಸಿದೆ. ಪಂಜರದ ಒಂದು ಬದಿ ಗೋಡೆಗೆ, ಕೂರುವ ಕೋಲು ನನ್ನ ಎದೆಮಟ್ಟಕ್ಕೆ. ನಾವು ಹತ್ತಿರ ಹೋಗ್ತಾ ಹಕ್ಕಿಯ ಜುಟ್ಟು ಭಯಕ್ಕೆ ಕಡ್ಡಿಯಂತೆ ನೆಟ್ಟಗಾಗುವ ಜಾಗ ಎಲ್ಲಿ ಅಂತ ನೋಡಿ, ಅದಕ್ಕಿಂತ ಒಂದಡಿ ಹಿಂದೆ ಕುರ್ಚಿ. ಓರೆಯಾಗಿ ಕೂರಬೇಕು, ಎರಡೂ ಕಣ್ಣಲ್ಲಿ ದಿಟ್ಟಿಸಬಾರದು. ಜುಟ್ಟು ಅರ್ಧಕ್ಕೆ ಇಳಿದು, ಮೈ ಕೊಡವಿ, ಗರಿ ತೀಡಲು ಶುರು ಮಾಡಿತೋ, ಎದ್ದು ಹೋಗಿಬಿಡಿ. ಮುಂದಿನ ಸಲ ಅಂಗೈ ಅಗಲದಷ್ಟು ಹತ್ತಿರ. ಅಪ್ಪಿತಪ್ಪಿ ಬುಸ್ ಅಂದರೆ ಮುಂದೂ ಬೇಡ, ಹಿಂದೂ ಬೇಡ. ಜುಟ್ಟು ಇಳಿಯೋವರೆಗೂ ಅಲ್ಲೇ ನಿಂತು ಆಮೇಲೆ ಸರಿಯಬೇಕು. ಜುಟ್ಟು ತಲೆಗೆ ಅಂಟಿಸಿ ಬುಸ್ ಅಂದರೆ ಮುಂದಿನದು ಕಚ್ಚೋದೇ. ಅಲ್ಲಿಗೆ ಹೋಗೋ ಹಾಗೆ ಬಿಟ್ಟಿದ್ದೀವಿ ಅಂದರೆ ಅವಸರ ಮಾಡಿದ್ದೀವಿ.

ಬಟ್ಟಲಲ್ಲಿ ಸಾಮೆ, ಸಜ್ಜೆ, ಕೆನರಿ ಬೀಜ ಯಾವಾಗಲೂ ಇರಲಿ. ನವಣೆ, ಸೂರ್ಯಕಾಂತಿ ಮಾತ್ರ ತೆಗೆದುಬಿಡಿ, ಅವು ಕೈಯಿಂದಷ್ಟೇ. ಸಂಜೆ ಹಕ್ಕಿ ನಿದ್ದೆಗೆ ಕೂರೋ ಮುಂಚೆ ಹೊಟ್ಟೆ ತುಂಬಿಸಿಕೊಳ್ಳೋ ಹೊತ್ತಲ್ಲಿ ನವಣೆ ತೆನೆ ಹಿಡಿಯಬೇಕು. ಮೊದಮೊದಲು ಕಾಂಡ ಗೇಣುದ್ದ, ಬರ್ತಾ ಬರ್ತಾ ಮುರಿದು ಬೆರಳಿಗೆ ತಂದೆ. ಅಡುಗೆ ತಕ್ಕಡಿಯಲ್ಲಿ ತೂಕ ನೋಡ್ತಿರಿ, ಹತ್ತರಲ್ಲೊಂದು ಪಾಲು ಇಳಿದರೆ ಆಟ ನಿಲ್ಲಿಸಿ ಎಲ್ಲಾ ಕಾಳೂ ವಾಪಸ್. ಹತ್ತಿಸೋಕೆ ಬೆರಳು ದಪ್ಪದ ಸೀಬೆ ಕೊಂಬೆ ಮೊದಲು, ಕೊಂಬೆ ಜೊತೆಗೆ ಬೆರಳು ಆಮೇಲೆ. ಕಾಲಿನ ಮೇಲ್ಗಡೆ ಹೊಟ್ಟೆಗೆ ಮೆಲ್ಲಗೆ ಒತ್ತಿದರೆ ಸಾಕು. ಹತ್ತೋ ಮುಂಚೆ ಕೊಕ್ಕಿನಲ್ಲಿ ಬೆರಳು ಮುಟ್ಟಿ ನೋಡುತ್ತೆ, ಆಗ ಕೈ ಎಳೆದರೆ ಎರಡು ವಾರ ಹಿಂದಕ್ಕೆ.

ತೆನೆ ಖರ್ಚು ಜಾಸ್ತಿ. ಪ್ಯಾಕೆಟ್ ತೆನೆ ಇನ್ನೂರು-ಮುನ್ನೂರು, ವಾರ ಬರಲ್ಲ. ಅದಕ್ಕೆ ಕುಂಡದಲ್ಲೇ ನವಣೆ ಹಾಕಿದೆ. ಕಿರಾಣಿ ಅಂಗಡಿಯ ನವಣೆ ಅಕ್ಕಿ ಮೊಳೆಯಲ್ಲ, ಸಿಪ್ಪೆ ಇರೋ ಬೀಜವೇ ಬೇಕು. ಮೂರು ತಿಂಗಳ ಬೆಳೆ, ತೆನೆಗೆ ಹಳೇ ಸೊಳ್ಳೆಪರದೆ ಕಟ್ಟದಿದ್ದರೆ ಗುಬ್ಬಚ್ಚಿ ಪಾಲು. ಒಣಗಿದ್ದಕ್ಕಿಂತ ಹಾಲುಗಾಳಿನ ಹಸಿ ತೆನೆಗೆ ಹಕ್ಕಿ ಮುಗಿಬಿತ್ತು. ಸಜ್ಜೆ ತೆನೆ ಸಪ್ಪೆ ಅನ್ನಿಸಿರಬೇಕು, ಕಿತ್ತು ಬಿಸಾಕಿತು.

ಇನ್ನೊಂದು ಶಿಳ್ಳೆ ಇದೆ, ಅದನ್ನ ಹಾಕೋಕೆ ಒಂದು ಹೊತ್ತಿದೆ. ಅರ್ಧ ಫಲ ಅದರದ್ದೇ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೊರಗೆ ಬಿಡೋ ಮುಂಚೆ ಫ್ಯಾನ್ ಸ್ವಿಚ್‌ಗೆ ಟೇಪ್, ಕಿಟಕಿ ಗಾಜಿಗೆ ಪರದೆ. ಹಕ್ಕಿ ಇರೋ ಮನೆಯಲ್ಲಿ ನಾನ್‌ಸ್ಟಿಕ್ ತವಾ ಹೊಗೆಯಾಡಬಾರದು, ಸೊಳ್ಳೆ ಬತ್ತಿ ಬೇಡ. ರಾತ್ರಿ ಕಾಕಟೀಲ್ ಸುಮ್ಮಸುಮ್ಮನೆ ಬೆಚ್ಚಿ ಪಂಜರದೊಳಗೆ ಬಡಿದಾಡುತ್ತೆ. ಸಣ್ಣ ದೀಪ ಇರಲಿ, ಆಗ ಕೈ ಒಳಗೆ ಹಾಕಬೇಡಿ, ಮಾತಾಡಿ ಸಾಕು.

ಬಜ್ಜಿಗೂ (ಬಜರಿಗಾರ್ ಅನ್ನೋ ಪುಟ್ಟ ಸಾಕು ಗಿಣಿ) ಇದೇ ಕ್ರಮ ನಡೆಯುತ್ತೆ, ಒಂದೇ ಇದ್ದರೆ. ಜೋಡಿ ಇದ್ದರೆ ನಮ್ಮನ್ನ ಕೇಳೋರಿಲ್ಲ. ನಮ್ಮ ನಾಡಿನ ಹಸಿರು ಗಿಣಿಗೆ ಹೇಗೆ ಅಂತ ಕೇಳಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಮನೆಯಲ್ಲಿ ಇಟ್ಟುಕೊಳ್ಳೋದೇ ಅಪರಾಧ.