ಮೊದಲು ಬೆಲ್ಲೋಸ್ ಅಳೆಯಿರಿ: 4×5 ಕ್ಯಾಮೆರಾಗೆ ಉದ್ದದ ಲೆನ್ಸ್ ಆರಿಸಿದ ಬಗೆ

4×5 ಇಂಚಿನ ಫಿಲ್ಮ್ ಹಾಳೆ ಬಳಸುವ, ಮಡಚುವ ಮರದ ಕ್ಯಾಮೆರಾಗೆ ಉದ್ದದ ಲೆನ್ಸ್ ಹುಡುಕುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ 300 ಮಿ.ಮೀ. ಫೋಕಲ್ ಲೆಂತ್ ಸಾಕೇ, 450 ಬೇಕೇ ಎಂಬುದು. ನಾನು ಅದಕ್ಕಿಂತ ಮೊದಲು, ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಚೀಲವಾದ ಬೆಲ್ಲೋಸ್ ಎಷ್ಟು ಚಾಚುತ್ತದೆ ಎಂದು ತಿಳಿಯಲು, ಸ್ಕೇಲು ಹಿಡಿದೆ. ಹಳಿಯನ್ನು ಪೂರ್ತಿ ಮುಂದಕ್ಕೆ ಚಾಚಿ, ಚಿತ್ರ ನೋಡುವ ಗ್ರೌಂಡ್ ಗ್ಲಾಸಿನ ಉಜ್ಜಿದ ಮುಖದಿಂದ ಲೆನ್ಸ್ ಕೂರುವ ಬೋರ್ಡಿನ ಮುಂಭಾಗದವರೆಗೆ ಅಳೆದಾಗ ಸಿಕ್ಕಿದ್ದು 300 ಮಿ.ಮೀ. ಕೊನೆಯ 10 ಮಿ.ಮೀ.ನಲ್ಲಿ ಮುಂದಿನ ಚೌಕಟ್ಟು ಅಲುಗಾಡುತ್ತದೆ. ಹಾಗಾಗಿ ನಂಬಿ ಬಳಸಬಹುದಾದದ್ದು 290 ಮಾತ್ರ. ಮುಂದಿನ ಎಲ್ಲ ತೀರ್ಮಾನಗಳೂ ಈ 290ರಿಂದಲೇ ಹೊರಟವು.

ಎರಡನೆಯದು, ಎಷ್ಟು ಉದ್ದದ ಲೆನ್ಸ್ ನಿಜವಾಗಿ ಬೇಕು ಎಂಬುದು. ಕಪ್ಪು ರಟ್ಟಿನಲ್ಲಿ 48×60 ಮಿ.ಮೀ. ಕಿಟಕಿ ಕತ್ತರಿಸಿ, ಅದಕ್ಕೊಂದು ದಾರ ಕಟ್ಟಿ, 75, 150, 180, 200, 250 ಮಿ.ಮೀ.ಗೆ ಗಂಟು ಹಾಕಿದೆ. ಕಿಟಕಿ ಫಿಲ್ಮಿನ ಅರ್ಧ ಅಳತೆಯಲ್ಲಿದೆ, ಆದ್ದರಿಂದ 180ರ ಗಂಟನ್ನು ಕಣ್ಣಿನ ಪಕ್ಕ ಹಿಡಿದು ನೋಡಿದರೆ 360ರ ಲೆನ್ಸ್ ಏನು ಕಾಣುತ್ತದೋ ಅದೇ ಕಾಣುತ್ತದೆ. ಈ ರಟ್ಟನ್ನು ಕಾಪು ಕಡಲತೀರ, ಮಲ್ಪೆ ಬಂದರು, ಮಂಗಳೂರಿನ ಸುಲ್ತಾನ್ ಬತ್ತೇರಿಯ ದೋಣಿಕಟ್ಟೆಗಳಲ್ಲಿ ಕೆಲವು ದಿನ ಹಿಡಿದು ನೋಡಿದರೆ ಯಾವ ಗಂಟು ಮತ್ತೆ ಮತ್ತೆ ಕೈಗೆ ಬರುತ್ತದೆ ಎಂದು ತಿಳಿಯುತ್ತದೆ. ಕಾಪುವಿನ ದೀಪಸ್ತಂಭದ್ದೇ ಲೆಕ್ಕ ಹಾಕೋಣ. 1901ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಮುನ್ನೂರು ಮೀಟರ್ ದೂರದ ಮರಳಿನಿಂದ 150ರ ಲೆನ್ಸಿನಲ್ಲಿ ಅದು ಫಿಲ್ಮಿನ ಮೇಲೆ 13.5 ಮಿ.ಮೀ. ಎತ್ತರಕ್ಕೆ ಬೀಳುತ್ತದೆ, 360ರಲ್ಲಿ 32, 500ರಲ್ಲಿ 45. ಬಂಡೆ ಮತ್ತು ಅಲೆಗಳನ್ನೂ ಸೇರಿಸಿಕೊಂಡು ಸ್ತಂಭಕ್ಕೆ ತೂಕ ಬರಬೇಕೆಂದರೆ 360 ಹಿಡಿಸಿತು. 400ಕ್ಕೂ ಅದಕ್ಕೂ ಚೌಕಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇನ್ನು ವಿನ್ಯಾಸದ ಮಾತು. ಸಾಮಾನ್ಯ ವಿನ್ಯಾಸದ ಉದ್ದನೆಯ ಲೆನ್ಸಿಗೆ ಅನಂತ ದೂರದ ಫೋಕಸ್‌ಗೇ ಹೆಚ್ಚುಕಡಿಮೆ ಅದರ ಫೋಕಲ್ ಲೆಂತ್‌ನಷ್ಟು ಬೆಲ್ಲೋಸ್ ಬೇಕು. ನಿಕ್ಕೋರ್ ಎಂ 300 ಎಫ್ 9ಕ್ಕೆ ಸುಮಾರು 290. ಅಂದರೆ ನನ್ನ ಕ್ಯಾಮೆರಾದಲ್ಲಿ ದೂರದ ಗುಡ್ಡ ಮಾತ್ರ ಸಿಕ್ಕೀತು, ಹತ್ತಿರದ ದೋಣಿ ಸಿಗದು. ಟೆಲಿಫೋಟೊ ವಿನ್ಯಾಸದಲ್ಲಿ ಹಿಂದಿನ ಗಾಜಿನ ಗುಂಪು ಋಣ ಶಕ್ತಿಯದು, ಅಂದರೆ ಬೆಳಕನ್ನು ಹರಡುವಂಥದ್ದು. ಅದರಿಂದಾಗಿ ಲೆನ್ಸಿನ ನೋಡಲ್ ಬಿಂದು (ಫೋಕಲ್ ಲೆಂತ್ ಅಳೆಯುವ ಬಿಂದು) ಗಾಜಿಗಿಂತ ಮುಂದೆ ಹೋಗಿ ಕೂರುತ್ತದೆ, ಬೆಲ್ಲೋಸ್ ಉಳಿಯುತ್ತದೆ. ನಿಕ್ಕೋರ್ ಟಿ ಇಡಿ 360 ಎಫ್ 8ಕ್ಕೆ ಅನಂತದಲ್ಲಿ ಸುಮಾರು 261, ಫುಜಿನಾನ್ ಟಿ 400 ಎಫ್ 8ಕ್ಕೆ ಸುಮಾರು 252 ಸಾಕು.

ಹತ್ತಿರದ ಮಿತಿಯನ್ನು ಹೀಗೆ ಲೆಕ್ಕ ಹಾಕಿ: ಫೋಕಲ್ ಲೆಂತ್‌ನ ವರ್ಗವನ್ನು ಉಳಿದ ಬೆಲ್ಲೋಸಿನಿಂದ ಭಾಗಿಸಿ, ಬಂದದ್ದಕ್ಕೆ ಮತ್ತೆ ಫೋಕಲ್ ಲೆಂತ್ ಕೂಡಿಸಿ. 360ಕ್ಕೆ, 290ರಲ್ಲಿ 261 ಕಳೆದರೆ, ಉಳಿಯುವುದು 29 ಮಿ.ಮೀ.; ಉತ್ತರ 4.8 ಮೀಟರ್. 400ಕ್ಕೆ 38 ಉಳಿದು 4.6 ಮೀಟರ್. ಬಲೆ ನೇಯುವವರ ಕೈಗಳನ್ನು ತುಂಬ ಹತ್ತಿರದಿಂದ ಹಿಡಿಯಬೇಕೆಂದರೆ ಎರಡೂ ಆಗದು.

ಮೂರನೆಯ ದಾರಿ, 50 ಮಿ.ಮೀ. ಮುಂಚಾಚಿದ ಟೋಪಿ ಬೋರ್ಡಿಗೆ ಅದೇ ನಿಕ್ಕೋರ್ ಎಂ 300 ಕೂರಿಸುವುದು. ಆಗ 2.1 ಮೀಟರಿನವರೆಗೂ ಫೋಕಸ್ ಬರುತ್ತದೆ. ಆ ಲೆನ್ಸ್ ಬರೀ 290 ಗ್ರಾಂ, ಫಿಲ್ಟರ್ 52 ಮಿ.ಮೀ., ಇಮೇಜ್ ಸರ್ಕಲ್ (ಲೆನ್ಸ್ ಬೀಳಿಸುವ ಚಿತ್ರವೃತ್ತದ ವ್ಯಾಸ) 325 ಮಿ.ಮೀ. ನಿಮ್ಮ ಬೆಲ್ಲೋಸ್ 400 ಇದ್ದರೆ ಟೋಪಿಯೂ ಬೇಡ, ಟೆಲಿಫೋಟೊವೂ ಬೇಡ, ಇದನ್ನೇ ಕೊಳ್ಳಿ. ಟೆಲಿಫೋಟೊ ಇರುವುದು ಬೆಲ್ಲೋಸಿನ ಕೊರತೆ ತುಂಬಲಿಕ್ಕೆ. ಆ ಕೊರತೆಯೇ ಇಲ್ಲದವರು ಸುಮಾರು 800 ಗ್ರಾಂ ತೂಕವನ್ನೂ 67 ಮಿ.ಮೀ. ಫಿಲ್ಟರುಗಳನ್ನೂ ಯಾಕೆ ಹೊರಬೇಕು?

ನಾನು ಆರಿಸಿದ್ದು ನಿಕ್ಕೋರ್ ಟಿ 360. 400ಕ್ಕಿಂತ ಇದನ್ನು ಮುಂದಿಟ್ಟದ್ದಕ್ಕೆ ಕಾರಣ, ಹಿಂದಿನ ಗುಂಪನ್ನಷ್ಟೇ ಬದಲಿಸಿದರೆ ಇದೇ ಲೆನ್ಸ್ 500 ಎಫ್ 11, 720 ಎಫ್ 16 ಆಗುತ್ತದೆ. ಮುಂದಿನ ಗುಂಪೂ ಶಟರೂ ಒಂದೇ. 360ನ್ನು 8ರಿಂದ, 500ನ್ನು 11ರಿಂದ, 720ನ್ನು 16ರಿಂದ ಭಾಗಿಸಿ ನೋಡಿ, ಮೂರಕ್ಕೂ ಬೆಳಕು ಹೊಗುವ ತೆರಪು ಒಂದೇ, 45 ಮಿ.ಮೀ. ಆಸುಪಾಸು ಬರುತ್ತದೆ. 500ಕ್ಕೆ ಸುಮಾರು 350 ಬೆಲ್ಲೋಸ್ ಬೇಕು. 75ರ ಟೋಪಿ ಬೋರ್ಡಿನಲ್ಲಿ 17 ಮೀಟರಿನಿಂದ ಆಚೆ ಎಲ್ಲವೂ ಫೋಕಸ್ ಆಗುತ್ತದೆ, ದೀಪಸ್ತಂಭಕ್ಕೆ ಅಷ್ಟು ಧಾರಾಳ. ಆದರೆ ಒಂದು ಎಚ್ಚರಿಕೆ: ಹಿಂದಿನ ಗುಂಪು ಬದಲಿಸಿದ ಮೇಲೆ ಅಪರ್ಚರನ್ನು 360ರ ಪಟ್ಟಿಯಲ್ಲೇ ಓದಿದರೆ ಫಿಲ್ಮ್ 500ರಲ್ಲಿ ಸುಮಾರು ಒಂದು ಸ್ಟಾಪ್ (ಅಂದರೆ ಅರ್ಧದಷ್ಟು), 720ರಲ್ಲಿ ಎರಡು ಸ್ಟಾಪ್ ಕಡಿಮೆ ಬೆಳಕು ಪಡೆಯುತ್ತದೆ. ಹಳೆಯ ಲೆನ್ಸ್ ಕೊಳ್ಳುವಾಗ ಶಟರಿನ ಮೇಲೆ ಯಾವ ಯಾವ ಪಟ್ಟಿಗಳಿವೆ ಎಂದು ಫೋಟೊ ಕೇಳಿ ಪಡೆಯಿರಿ.

ಇಮೇಜ್ ಸರ್ಕಲ್ ಕೂಡ ನೋಡಲೇಬೇಕು. 360ರದ್ದು 210 ಮಿ.ಮೀ.; ಅಡ್ಡ ಚೌಕಟ್ಟಿನಲ್ಲಿ 38, ನಿಲುವಿನಲ್ಲಿ 33 ಮಿ.ಮೀ.ವರೆಗೆ ಲೆನ್ಸ್ ಏರಿಸಬಹುದು. ನಿಕ್ಕೋರ್ ಟಿ 270ರದ್ದು 160 ಮಾತ್ರ, ಅಡ್ಡ ಚೌಕಟ್ಟಿನಲ್ಲಿ 5 ಮಿ.ಮೀ. ಏರಿಸುವಷ್ಟರಲ್ಲಿ ಮೂಲೆ ಕತ್ತಲಾಗುತ್ತದೆ. ತೆಂಗಿನ ಮರ, ಗೋಪುರ, ದೀಪಸ್ತಂಭ ತೆಗೆಯುವವರಿಗೆ ಅದು ಬೇಡ.

ಹಳೆಯ ಟೆಲಿಫೋಟೊ ಕೈಗೆ ಬಂದಾಗ ನಾನು ಪರೀಕ್ಷಿಸುವ ಕ್ರಮ ಇದು. ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಬೂಷ್ಟು ಜೇಡನ ಬಲೆಯಂತೆ ಕಾಣುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವಿದ್ದರೆ ಅಂಟಿಸಿದ ಗಾಜು ಬಿಡುತ್ತಿದೆ. ಮುಂದಿನ ಗುಂಪಿಗೂ ಶಟರಿಗೂ ನಡುವೆ ಕಾಗದದಷ್ಟು ತೆಳ್ಳನೆಯ ಹಿತ್ತಾಳೆ ಉಂಗುರವೇನಾದರೂ ಇದ್ದರೆ ಅದನ್ನು ಕಳೆಯಬೇಡಿ. ಟೆಲಿಫೋಟೊದಲ್ಲಿ ಎರಡು ಗುಂಪುಗಳ ನಡುವಿನ ಅಂತರ ಕೂದಲೆಳೆ ತಪ್ಪಿದರೂ ಮೂಲೆಗಳು ಮಂಕಾಗುತ್ತವೆ. ಶಟರಿನಲ್ಲಿ ಮೊದಲು ಸೋಲುವುದು ಒಂದು ಸೆಕೆಂಡ್ ಮತ್ತು ಅರ್ಧ ಸೆಕೆಂಡ್. ಹಳೆಯ ಎಣ್ಣೆ ಗಟ್ಟಿಯಾಗಿ ಗೇರುಗಳು ತಡೆದು ತಡೆದು ಓಡುತ್ತವೆ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರಂಗ ನೋಡಿದರೆ ಎಷ್ಟು ತಡ ಎಂದು ಅಳೆಯಬಹುದು. 360ರಲ್ಲಿರುವ ಕೋಪಾಲ್ 1 ಶಟರಿಗೆ ಬೋರ್ಡಿನ ತೂತು 41.6 ಮಿ.ಮೀ.

ಟಿಲ್ಟ್, ಅಂದರೆ ಫೋಕಸ್ ಹೊಂದಿಸಲು ಚೌಕಟ್ಟು ವಾಲಿಸುವ ವಿಷಯದಲ್ಲಿ ಟೆಲಿಫೋಟೊದ ನಡತೆ ಬೇರೆಯೇ. ನೋಡಲ್ ಬಿಂದು ಬೋರ್ಡಿನಲ್ಲಿ ಇಲ್ಲದ್ದರಿಂದ ಮುಂದಿನ ಚೌಕಟ್ಟು ವಾಲಿಸಿದ ಕೂಡಲೇ ಚಿತ್ರವೇ ಗ್ಲಾಸಿನ ಮೇಲೆ ಜಾರಿಹೋಗುತ್ತದೆ. ಮತ್ತೆ ಚೌಕಟ್ಟು ಹೊಂದಿಸು, ಮತ್ತೆ ಫೋಕಸ್ ಮಾಡು, ಮುಗಿಯುವುದೇ ಇಲ್ಲ. ಲಂಬ ಗೆರೆಗಳ ಚಿಂತೆಯಿಲ್ಲದ ಮರಳು, ಗದ್ದೆ, ದೋಣಿಸಾಲುಗಳಿಗೆ ಹಿಂದಿನ ಚೌಕಟ್ಟನ್ನೇ ವಾಲಿಸಿ. ಪೂರ್ತಿ ಚಾಚಿದ ಬೆಲ್ಲೋಸ್ ನಡುವೆ ಜೋತುಬೀಳುತ್ತದೆ. ಅದರ ಮಾಡು ಇಳಿದು ಫಿಲ್ಮಿನ ಮೇಲಂಚನ್ನು ಮುಚ್ಚಿದರೆ, ಚಿತ್ರ ತಲೆಕೆಳಗಾಗಿರುವುದರಿಂದ ಫೋಟೊದಲ್ಲಿ ಕತ್ತಲಾಗುವುದು ಕೆಳಗಿನ ನೆಲ. ನಡುಮಡಿಕೆಗೆ ಒಂದು ಲಾಡಿ ಕಟ್ಟಿ ಮೇಲಕ್ಕೆ ಎತ್ತಿಹಿಡಿದರೆ ಸರಿಹೋಗುತ್ತದೆ.

ಕಡಲತೀರದಲ್ಲಿ ಲೆನ್ಸಿಗಿಂತ ಹೆಚ್ಚು ಚಿತ್ರ ಕೆಡಿಸುವುದು ಗಾಳಿ. 360ರಲ್ಲಿ ಎಫ್ 32ಕ್ಕೆ ಹೈಪರ್‌ಫೋಕಲ್ (ಅಲ್ಲಿಗೆ ಫೋಕಸ್ ಮಾಡಿದರೆ ಅದರ ಅರ್ಧ ದೂರದಿಂದ ಅನಂತದವರೆಗೂ ಸ್ಪಷ್ಟ) ಸುಮಾರು 40 ಮೀಟರ್, ಅದಕ್ಕಿಂತ ತೆರೆಯಲು ಮನಸ್ಸಾಗದು. ಒಳ್ಳೆಯ ಬಿಸಿಲಿನಲ್ಲೂ 100 ವೇಗದ ಫಿಲ್ಮಿಗೆ ಆಗ 1/25 ಸೆಕೆಂಡ್. ಮಬ್ಬು ಕಡಿಮೆ ಮಾಡಲು ಕಿತ್ತಳೆ ಫಿಲ್ಟರ್ ಹಾಕಿ ಎರಡು ಸ್ಟಾಪ್ ಕೊಟ್ಟರೆ ಆರನೇ ಒಂದು ಸೆಕೆಂಡಿಗೆ ಇಳಿಯುತ್ತದೆ. ಚಾಚಿದ ಬೆಲ್ಲೋಸ್ ಹಾಯಿಯಂತೆ ಗಾಳಿ ಹಿಡಿದು ನಡುಗುವುದು ಸರಿಯಾಗಿ ಈ ವೇಗಗಳಲ್ಲೇ. ಅದಕ್ಕೇ ಕಡಲ ಬದಿಯಲ್ಲಿ ನಾನು 400 ವೇಗದ ಕಪ್ಪುಬಿಳುಪು ಫಿಲ್ಮನ್ನೇ ಬಳಸುತ್ತೇನೆ. ಕಡಲ ಗಾಳಿ ಏಳುವ ಮೊದಲು, ಬೆಳಿಗ್ಗೆ ಬೇಗ, ಕೆಲಸ ಮುಗಿಸುತ್ತೇನೆ. ಬಿಸಿಲೇರಿದ ಮೇಲೆ ಮರಳಿನಿಂದ ಏಳುವ ಝಳ ದೂರದ ಗೆರೆಗಳನ್ನು ಕುಣಿಸುತ್ತದೆ, ಅದನ್ನು ಯಾವ ಲೆನ್ಸೂ ತಡೆಯದು. ಕಿತ್ತಳೆ ಫಿಲ್ಟರ್ ನೀಲಿ ಮಬ್ಬನ್ನು ಸೀಳುತ್ತದೆ, ಅಲೆಯ ತುಂತುರಿನ ಬಿಳಿ ಮಂಜನ್ನಲ್ಲ. ಮಳೆ ಬಿಟ್ಟ ಮೇಲಿನ ಅಕ್ಟೋಬರ್, ನವೆಂಬರ್ ದಿನಗಳು ದೂರದ ನೋಟಕ್ಕೆ ಉತ್ತಮ.

ಮರಳಿನಲ್ಲಿ ಟ್ರೈಪಾಡಿನ ಪ್ರತಿ ಕಾಲಿಗೂ ಒಂದೊಂದು ಅರ್ಧ ತೆಂಗಿನ ಗೆರಟೆ (ಚಿಪ್ಪು) ಇಟ್ಟು, ಕಾಲನ್ನು ಅದರ ಒಳಕ್ಕೆ ಊರಿ ಒತ್ತಿ. ಗೆರಟೆ ಮರಳಲ್ಲಿ ಹೂತು ಗಟ್ಟಿಯಾಗುತ್ತದೆ, ಕಾಲು ಮತ್ತೆ ಇಳಿಯುವುದಿಲ್ಲ. ನಡುವೆ ಮರಳು ತುಂಬಿದ ಚೀಲವನ್ನು ನೆಲಕ್ಕೆ ಮುಟ್ಟುವಂತೆ ತೂಗಿಸಿ. ಮುಟ್ಟದಿದ್ದರೆ ಅದೇ ಲೋಲಕವಾಗಿ ಆಡುತ್ತದೆ. ಗಾಳಿ ಬರುವ ಕಡೆ ದೊಡ್ಡ ಕೊಡೆ. ತೇವಕ್ಕೆ ಹೋಲ್ಡರಿನಲ್ಲಿ ಫಿಲ್ಮ್ ಉಬ್ಬುವುದೂ ಉಂಟು, ಫಿಲ್ಮ್ ಮುಚ್ಚಿರುವ ಡಾರ್ಕ್ ಸ್ಲೈಡ್ ಎಳೆದ ಮೇಲೆ ಅರ್ಧ ನಿಮಿಷ ಬಿಟ್ಟು ಶಟರ್ ಒತ್ತಿ.

ಮನೆಗೆ ಬಂದ ಕೂಡಲೇ ಬೆಲ್ಲೋಸನ್ನು ಮಡಚಬೇಡಿ. ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿ, ಫ್ಯಾನಿನಡಿ ಚಾಚಿ ಒಣಗಿಸಿ. ಮುಂದಿನ ಗಾಜಿನ ಮೇಲಿನ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೇವ ಮಾಡಿದ ಲೆನ್ಸ್ ಟಿಶ್ಯೂ ಬಳಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಇರಬೇಕಾದದ್ದು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ, ಒಳಗೊಂದು ತೇವಮಾಪಕ ಇಟ್ಟು. ಮುಳ್ಳು 40ರಿಂದ 50ರ ನಡುವೆ ಇರಲಿ. ವಾರಕ್ಕೊಮ್ಮೆ ಹೊರತೆಗೆದು ಎಲ್ಲ ವೇಗಗಳಲ್ಲೂ ಶಟರನ್ನು ಹತ್ತತ್ತು ಸಲ ಓಡಿಸಿ ಮತ್ತೆ ಮುಚ್ಚಿಡಿ.